ಅಳಿಯಕಟ್ಟಿನ ಡೇಟಾಬೇಸು

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ವಿಷಯ ಇರಲಿಲ್ಲ ಅಂತಲ್ಲ. ಒಂದು ತಪ್ಪು ಮಾಡಿದ್ದೆ, ಬೇರೆ ಏನು ಬರೆಯಲು ಕೂತರೂ ಅದೇ ನೆನಪಾಗ್ತಿತ್ತು. ಹಾಗಾಗಿ ಮೊದಲು ಅದನ್ನೇ ಬರೆದು ಮುಗಿಸ್ತೇನೆ. ಸ್ವಲ್ಪ ಟೆಕ್ನಿಕಲ್ ಉಂಟು, ಕವಿತೆ ಓದಲು ಬಂದವರು ಕ್ಷಮಿಸಬೇಕು :) ಆದ್ರೆ ಸಾಫ್ಟ್‌ವೇರ್ ಗೊತ್ತಿಲ್ಲದವರಿಗೂ ಅರ್ಥ ಆಗುವ ಹಾಗೆ ಬರೆಯಲು ಪ್ರಯತ್ನ ಮಾಡಿದ್ದೇನೆ.

ಕಳೆದ ಮಾರ್ಚ್ 31. ನಾನು ನೆಲ್ಯಾಡಿಯಲ್ಲಿ ಮನೆಯಲ್ಲಿದ್ದೆ. (ನೆಲ್ಯಾಡಿ ಗೊತ್ತಿಲ್ಲದವರಿಗೆ: ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಉಪ್ಪಿನಂಗಡಿ ಕಳೆದು, ಶಿರಾಡಿ ಘಾಟಿ ಹತ್ತುವ ಮೊದಲು ಸಿಗುವ ಪೇಟೆ. ಮೊದಲು ಪುತ್ತೂರು ತಾಲೂಕು, ಈಗ ಕಡಬ.) ಬೆಂಗಳೂರಿನ ಸೆಕೆಯಿಂದ ತಪ್ಪಿಸಿಕೊಳ್ಳಲು ಎರಡು ವಾರ ಮನೆಯಿಂದಲೇ ಕೆಲಸ ಮಾಡ್ತೇನೆ ಅಂತ ಹೇಳಿ ಬಂದಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನ್ ಬಂತು. ಘಟ್ಟದ ಮೇಲಿನ ಒಂದು ಊರಿನ ಸೊಸೈಟಿಯ ಸೆಕ್ರೆಟರಿ. ಅವರ ಲೆಕ್ಕಪತ್ರದ ಸಾಫ್ಟ್‌ವೇರ್ ನಮ್ಮದು. ಸಪೋರ್ಟಿನವರು ಫೋನ್ ಎತ್ತದಿದ್ರೆ ಸೀದಾ ನನಗೇ ಮಾಡುವುದು ಅವರ ಅಭ್ಯಾಸ.

"ಸಾರ್, ಬೆಳಗ್ಗೆ ಒಂಬತ್ತಕ್ಕೆ ಬಡ್ಡಿ ಲೆಕ್ಕ ಹಾಕಿದ್ದು. ಇನ್ನೂ ಸುತ್ತುತಾನೇ ಇದೆ ಸಾರ್."

ಅವರಲ್ಲಿ ಒಂದು ಪದ್ಧತಿ ಇದೆ. ವರ್ಷದ ಕೊನೇ ದಿನ ಬೆಳಗ್ಗೆ ಎಲ್ಲ ಸದಸ್ಯರ ವರ್ಷದ ಖಾತೆ ತೆಗೆದು ಬಡ್ಡಿ ಲೆಕ್ಕ ಓಡಿಸ್ತಾರೆ. ಪ್ರತಿಯೊಬ್ಬರೂ ಎಷ್ಟು ಕಟ್ಟಬೇಕು ಅಂತ ಚೀಟಿ ಬರ್ತದೆ. ಆ ಚೀಟಿ ಹಿಡಿದುಕೊಂಡು ಜನ ಕೌಂಟರಿನಲ್ಲಿ ದುಡ್ಡು ಕಟ್ತಾರೆ. ಹಿಂದಿನ ವರ್ಷ ಇದೇ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿದಿತ್ತು. ಈ ಸಲ ನಾಲ್ಕು ಗಂಟೆ ಆದ್ರೂ ಮುಗಿದಿಲ್ಲ. ಅದು ಓಡ್ತಾ ಇರುವಷ್ಟು ಹೊತ್ತು ಟೇಬಲ್‌ಗಳಿಗೆ ಬೀಗ ಹಾಕಿಕೊಂಡಿರ್ತದೆ, ಹಾಗಾಗಿ ಕೌಂಟರ್ ಕೂಡ ಸ್ತಬ್ಧ.

"ಅರವತ್ತು ಎಪ್ಪತ್ತು ಜನ ಕೂತಿದ್ದಾರೆ ಸಾರ್. ಒಬ್ರು ಅಜ್ಜ ಬೆಳಗ್ಗೆಯಿಂದ ದುಡ್ಡು ಮಡಿಲಲ್ಲಿ ಇಟ್ಕೊಂಡು ಕೂತವ್ರೆ. ಅವರ ಊರಿಗೆ ಕೊನೇ ಬಸ್ಸು ಐದೂವರೆಗೆ."

ಕೈ ತೊಳೆದು ಲ್ಯಾಪ್‌ಟಾಪ್ ತೆಗೆದೆ. ಕಾರಣ ಸಿಗಲು ಮುಕ್ಕಾಲು ಗಂಟೆ ಬೇಕಾಯ್ತು. ಒಂದು ಇಂಡೆಕ್ಸ್ ಕಾಣೆಯಾಗಿತ್ತು.

ಇಂಡೆಕ್ಸ್ ಅಂದ್ರೆ ಪುಸ್ತಕದ ಕೊನೆಯ ಪುಟಗಳಲ್ಲಿರುವ ಪದಸೂಚಿ ಇದ್ದ ಹಾಗೆ. ಯಾವ ವಿಷಯ ಎಷ್ಟನೇ ಪುಟದಲ್ಲಿ ಅಂತ ಅದು ಹೇಳ್ತದೆ. ಅದಿಲ್ಲದಿದ್ರೆ ಪ್ರತಿಸಲ ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಬೇಕು. ಆ ಸೊಸೈಟಿಯ ಬಡ್ಡಿ ಲೆಕ್ಕಕ್ಕೆ ಸದಸ್ಯರ ನಂಬರ್ ಮತ್ತು ಸಾಲದ ಬಗೆಯ ಮೇಲೆ ಮಾಡಿದ್ದ ಇಂಡೆಕ್ಸ್ ಬೇಕಿತ್ತು. ದಿನನಿತ್ಯದ ಕೆಲಸಕ್ಕೆ ಅದು ಬೇಕಾಗಿರಲಿಲ್ಲ, ದಿನದ ವ್ಯವಹಾರವೆಲ್ಲ ತಾರೀಕಿನ ಮೇಲೆ ನಡೀತದೆ. ಅಂದ್ರೆ ವರ್ಷದಲ್ಲಿ 364 ದಿನ ಆ ಇಂಡೆಕ್ಸ್ ಯಾರಿಗೂ ಬೇಡ. ಒಂದು ದಿನ ಮಾತ್ರ ಬೇಕೇ ಬೇಕು.

ಅದನ್ನು ತೆಗೆದದ್ದು ಯಾರು? ಲಾಗ್ ನೋಡಿದೆ. ಅಕ್ಟೋಬರ್ ತಿಂಗಳ ಒಂದು ರಾತ್ರಿ, ಎರಡು ಗಂಟೆ ಹತ್ತು ನಿಮಿಷ. "ಬಳಕೆಯಲ್ಲಿಲ್ಲದ ಇಂಡೆಕ್ಸ್, ತೆಗೆಯಲಾಗಿದೆ." ತೆಗೆದದ್ದು ಮನುಷ್ಯ ಅಲ್ಲ, ನಮ್ಮ ಆಟೋಮ್ಯಾಟಿಕ್ ಟ್ಯೂನಿಂಗ್. ಆ ತಿಂಗಳ ರಿಪೋರ್ಟಿನಲ್ಲಿ ಅದನ್ನು "ಉಳಿತಾಯ" ಅಂತ ಹಸಿರು ಬಣ್ಣದಲ್ಲಿ ತೋರಿಸಿದ್ದವನು ನಾನೇ.

ಇನ್ನು ಆ ಟ್ಯೂನಿಂಗ್ ಬಗ್ಗೆ. ಮೊದಲೇ ಹೇಳಿಬಿಡ್ತೇನೆ, ನಾನು ಅದರ ವಿರೋಧಿ ಅಲ್ಲ. ಡೇಟಾಬೇಸ್ ತನ್ನನ್ನು ತಾನೇ ಸರಿಮಾಡಿಕೊಳ್ಳಬೇಕು ಅನ್ನೋದು ಹಳೇ ಆಸೆ. ಮೈಕ್ರೋಸಾಫ್ಟ್ ರಿಸರ್ಚಿನಲ್ಲಿ ಸುರಜಿತ್ ಚೌಧುರಿಯವರ ಆಟೋಅಡ್ಮಿನ್ ಯೋಜನೆ ಶುರುವಾದದ್ದು 1996ರಲ್ಲಿ. ಅದರಿಂದ ಬಂದ ಇಂಡೆಕ್ಸ್ ಟ್ಯೂನಿಂಗ್ ವಿಝಾರ್ಡ್ 1998ರ ಎಸ್‌ಕ್ಯೂಎಲ್ ಸರ್ವರ್ 7ರಲ್ಲೇ ಇತ್ತು. ಆಗ ಅದು ಸಲಹೆ ಮಾತ್ರ ಕೊಡ್ತಿತ್ತು, ಒತ್ತುವ ಬಟನ್ ಮನುಷ್ಯನ ಕೈಯಲ್ಲಿತ್ತು. ಎಸ್‌ಕ್ಯೂಎಲ್ ಸರ್ವರ್ 2017 ಬರುವಾಗ, ಕೆಟ್ಟ ಪ್ಲಾನ್ ಹಿಡಿದ ಕ್ವೆರಿಯನ್ನು ತಾನಾಗಿಯೇ ಹಳೇ ಒಳ್ಳೇ ಪ್ಲಾನಿಗೆ ತರುವ ಸೌಲಭ್ಯ ಬಂತು. 2019ರ ಒರಾಕಲ್ 19ಸಿ ತಾನೇ ಇಂಡೆಕ್ಸ್ ಹುಟ್ಟಿಸಲು ಶುರುಮಾಡಿತು. ನಮ್ಮಂಥ ಸಣ್ಣ ಕಂಪನಿಯಲ್ಲಿ ಮುನ್ನೂರು ಗಿರಾಕಿಗಳ ಡೇಟಾಬೇಸ್ ನೋಡಿಕೊಳ್ಳುವವರು ಮೂರು ಜನ. ಯಂತ್ರದ ಸಹಾಯ ಇಲ್ಲದೆ ಆಗುವುದಿಲ್ಲ.

ಆದ್ರೆ ಯಂತ್ರಕ್ಕೆ ನಮ್ಮ ಗಿರಾಕಿಗಳ ಬಗ್ಗೆ ಗೊತ್ತಿರುವುದಿಲ್ಲವಲ್ಲ. ಹಾಗಾಗಿ ಅದರ ಮೇಲೆ ನಮ್ಮದೇ ನಿಯಮಗಳನ್ನು ಕೂರಿಸಿದೆವು. ನಾಲ್ಕು ಮೆಟ್ಟಿಲು: ಎಲ್ಲಕ್ಕಿಂತ ಮೇಲೆ ಕಂಪನಿ, ಅದರ ಕೆಳಗೆ ಪ್ರಾಡಕ್ಟ್, ಆಮೇಲೆ ಗಿರಾಕಿ, ಕೊನೆಗೆ ಅವರ ಒಂದೊಂದು ಡೇಟಾಬೇಸ್. ಮೇಲೆ ಬರೆದ ನಿಯಮ ಕೆಳಗಿನವರಿಗೆಲ್ಲ ತಾನಾಗಿ ಇಳಿದು ಬರ್ತದೆ. ಬೇಡದಿದ್ರೆ ಕೆಳಗಿನವರು ಬದಲಿಸಿಕೊಳ್ಳಬಹುದು. ಇಂಜಿನಿಯರಿಂಗಿನಲ್ಲಿ ಓದಿದ ಇನ್‌ಹೆರಿಟೆನ್ಸ್, ಅಂದ್ರೆ ವಂಶಪಾರಂಪರ್ಯ. ನೋಡಲು ಬಹಳ ಚಂದ.

ಕಂಪನಿಯ ಮೆಟ್ಟಿಲಲ್ಲಿ ಒಂದು ನಿಯಮ ಇತ್ತು: 90 ದಿನ ಯಾರೂ ಮುಟ್ಟದ ಇಂಡೆಕ್ಸನ್ನು ತೆಗೆದುಹಾಕು. ಇದು ತಲೆಕೆಟ್ಟ ನಿಯಮ ಏನಲ್ಲ. ಪ್ರತಿ ಇಂಡೆಕ್ಸಿಗೂ ಖರ್ಚಿದೆ, ಹೊಸ ಸಾಲು ಸೇರಿಸಿದಾಗಲೆಲ್ಲ ಪದಸೂಚಿಯನ್ನೂ ತಿದ್ದಬೇಕು. ಅದನ್ನು ಬರೆದದ್ದು ನಮ್ಮ ಅಂಗಡಿ ಬಿಲ್ಲಿಂಗ್ ಸಾಫ್ಟ್‌ವೇರಿಗಾಗಿ. ಅಲ್ಲಿ ಮೂರು ತಿಂಗಳು ಬೇಡವಾದದ್ದು ಮತ್ತೆ ಬೇಕಾಗುವುದು ಅಪರೂಪ. ಆದ್ರೆ ಆ ನಿಯಮವನ್ನು ಪ್ರಾಡಕ್ಟಿನ ಮೆಟ್ಟಿಲಲ್ಲಿ ಬರೆಯುವ ಬದಲು ಒಂದು ಮೆಟ್ಟಿಲು ಮೇಲೆ ಬರೆದಿದ್ದರು. ಬರೆದವರು ಎರಡು ವರ್ಷದ ಹಿಂದೆಯೇ ಕೆಲಸ ಬಿಟ್ಟು ಹೋಗಿದ್ದಾರೆ. ಯಾಕೆ 90, ಯಾರಿಗಾಗಿ 90 ಅಂತ ಎಲ್ಲೂ ಬರೆದಿಟ್ಟಿಲ್ಲ. ಸೊಸೈಟಿಗಳನ್ನು ಟ್ಯೂನಿಂಗಿಗೆ ಸೇರಿಸುವಾಗ "ಮೇಲಿನ ನಿಯಮ ಅನ್ವಯಿಸಲಿ" ಅನ್ನೋ ಚೌಕಕ್ಕೆ ಟಿಕ್ ಹಾಕಿದ್ದು ನಾನು. ಮುನ್ನೂರು ಡೇಟಾಬೇಸಿಗೂ ಒಂದೇ ಟಿಕ್, ಐದು ಸೆಕೆಂಡಿನ ಕೆಲಸ.

ಮಾರ್ಚ್ 31ಕ್ಕೆ ವಾಪಸು ಬರ್ತೇನೆ. ಕಾರಣ ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ನಾಲ್ಕೈದು ಗಂಟೆ ಓಡಿದ ಲೆಕ್ಕವನ್ನು ನಿಲ್ಲಿಸಿದರೆ, ಅದು ಅಲ್ಲಿವರೆಗೆ ಬರೆದದ್ದನ್ನೆಲ್ಲ ಡೇಟಾಬೇಸ್ ಒಂದೊಂದಾಗಿ ಹಿಂದಕ್ಕೆ ತಿರುಗಿಸಬೇಕು. ಅದಕ್ಕೇ ಮೂರು ಗಂಟೆ ಹಿಡೀತು. ಮಧ್ಯೆ ನಮ್ಮ ಮನೆಯಲ್ಲಿ ಕರೆಂಟು ಹೋಯ್ತು, ಮೊಬೈಲ್ ನೆಟ್‌ವರ್ಕಿಗಾಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಗುಡ್ಡೆ ಹತ್ತಿದೆ. ಕೊನೆಗೆ ಇಂಡೆಕ್ಸ್ ಕಟ್ಟಲು ಹಿಡಿದದ್ದು ಆರೇ ನಿಮಿಷ. ಬಡ್ಡಿ ಲೆಕ್ಕಕ್ಕೆ ಇಪ್ಪತ್ತು ನಿಮಿಷ. ಎಲ್ಲ ಮುಗಿಯುವಾಗ ಆರು ಗಂಟೆ ಹತ್ತು ನಿಮಿಷ. ಐದೂವರೆ ಬಸ್ಸು ಹೋಗಿ ಆಗಿತ್ತು.

ತೋಟದಲ್ಲಿ ಸ್ಪ್ರಿಂಕ್ಲರ್ ಬದಲಿಸಿ ಬಂದ ಅಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡ್ತಾ ಇದ್ದರು. ಎಂತ ಆಯ್ತು ಅಂತ ಕೇಳಿದರು. ಪುಸ್ತಕ, ಪದಸೂಚಿ ಅಂತೆಲ್ಲ ಹೇಳಿದೆ. ಅಪ್ಪ ಪದಸೂಚಿಯ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಇಷ್ಟೇ:

"ಅಲ್ಲ ಮಾರಾಯ, ನೋಡಿಕೊಳ್ಳುವ ಅಧಿಕಾರ ಕೊಟ್ಟದ್ದು ಸರಿ. ತೆಗೆದು ಬಿಸಾಡುವ ಅಧಿಕಾರ ಯಾರು ಕೊಟ್ಟದ್ದು ಅದಕ್ಕೆ?"

ಆಮೇಲೆ ಅವರು ಅಳಿಯಕಟ್ಟಿನ ಮನೆಗಳ ಸುದ್ದಿ ತೆಗೆದರು. ನಮ್ಮ ಕಡೆಯವರಿಗೆ ಗೊತ್ತಿರ್ತದೆ, ಘಟ್ಟದ ಮೇಲಿನವರಿಗಾಗಿ ಹೇಳ್ತೇನೆ. ತುಳುನಾಡಿನ ಬಂಟರು ಮೊದಲಾದ ಹಲವು ಸಮುದಾಯಗಳಲ್ಲಿ ಆಸ್ತಿ ಅಪ್ಪನಿಂದ ಮಗನಿಗೆ ಹೋಗ್ತಿರಲಿಲ್ಲ, ಹೆಣ್ಣಿನ ಸಂತಾನದಲ್ಲಿ ಇಳಿದು ಬರ್ತಿತ್ತು. ಮಾವನ ನಂತರ ಅಳಿಯ, ಅಂದ್ರೆ ಅಕ್ಕತಂಗಿಯರ ಮಗ. ಅದೇ ಅಳಿಯಕಟ್ಟು, ಅಳಿಯಸಂತಾನ. ಇಡೀ ಕುಟುಂಬದ ಆಸ್ತಿ ನೋಡಿಕೊಳ್ಳಲು ಒಬ್ಬ ಯಜಮಾನ. ಗೇಣಿ ವಸೂಲಿ ಅವನದ್ದು, ಯಾವ ಗದ್ದೆಗೆ ಎಷ್ಟು ಬೀಜ, ಯಾರ ಮದುವೆಗೆ ಎಷ್ಟು ಖರ್ಚು ಅಂತ ನೋಡುವುದೂ ಅವನೇ. ಆದ್ರೆ ಆಸ್ತಿ ಅವನದ್ದಲ್ಲ. ಕುಟುಂಬದ ನಿಜವಾದ ಅಗತ್ಯ ಇಲ್ಲದೆ ಅವನು ಜಾಗ ಮಾರುವ ಹಾಗಿರಲಿಲ್ಲ. ಎಲ್ಲರೂ ಒಪ್ಪದೆ ಪಾಲು ಕೂಡ ಆಗ್ತಿರಲಿಲ್ಲ. ಕುಟುಂಬದ ಒಂದು ಕವರು ತನ್ನ ಪಾಲು ಕೇಳಬಹುದು ಅಂತ ಆದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು.

ಆ ಪದ್ಧತಿ ಸ್ವರ್ಗ ಆಗಿತ್ತು ಅಂತ ನಾನು ಹೇಳ್ತಿಲ್ಲ. ಯಜಮಾನನ ದರ್ಬಾರಿನ ಮೇಲೆ ಕೋರ್ಟು ಕಚೇರಿ ಹತ್ತಿದ ಮನೆಗಳು ಬೇಕಾದಷ್ಟು. ಆದ್ರೆ ಅದರಲ್ಲಿ ಒಂದು ವಿವೇಕ ಇತ್ತು, ಅದು ನಮ್ಮ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ದಿನನಿತ್ಯದ ಆಡಳಿತಕ್ಕೆ ಒಬ್ಬನ ಮಾತು ಸಾಕು, ತಪ್ಪಿದರೆ ಮುಂದಿನ ಬೆಳೆಗೆ ತಿದ್ದಿಕೊಳ್ಳಬಹುದು. ಒಮ್ಮೆ ಹೋದ್ರೆ ವಾಪಸು ಬಾರದ ಕೆಲಸಕ್ಕೆ ಮಾತ್ರ ಯಾರ ಆಸ್ತಿಯೋ ಅವರ ಒಪ್ಪಿಗೆ ಬೇಕು. ನಾವು ಯಜಮಾನನಿಗೆ ಎರಡನ್ನೂ ಒಂದೇ ಟಿಕ್ಕಿನಲ್ಲಿ ಕೊಟ್ಟಿದ್ದೆವು.

ನನ್ನ ಅಭಿಪ್ರಾಯ ಇಷ್ಟು: ಟ್ಯೂನಿಂಗ್ ನಿಯಮಗಳಲ್ಲಿ "ಇದನ್ನು ಮಾಡಬೇಡ" ಅನ್ನೋದು ಮೇಲಿನಿಂದ ಕೆಳಗೆ ತಾನಾಗಿ ಇಳಿಯಲಿ. ತಪ್ಪಿದರೆ ಕೂಡಲೇ ಹಿಂದೆ ತೆಗೆಯಬಹುದಾದ ಕೆಲಸಗಳೂ ಇಳಿಯಲಿ. ಆದ್ರೆ "ತೆಗೆದು ಹಾಕು" ಅನ್ನುವ ಅನುಮತಿ ಮಾತ್ರ ವಂಶಪಾರಂಪರ್ಯವಾಗಿ ಬರಬಾರದು. ಅದನ್ನು ಆ ಡೇಟಾಬೇಸಿನ ವರ್ಷ ಹೇಗೆ ನಡೀತದೆ ಅಂತ ಗೊತ್ತಿರುವವರು, ಅದೇ ಡೇಟಾಬೇಸಿನ ಹೆಸರಲ್ಲಿ ಬರೆದು ಕೊಡಬೇಕು.

ಇದು ನನ್ನ ಸ್ವಂತ ತಲೆಹರಟೆ ಅಂತ ಅಂದುಕೊಳ್ಳಬೇಡಿ. ಆಮೇಲೆ ಹುಡುಕಿ ನೋಡಿದಾಗ, ದೊಡ್ಡವರೂ ಇದೇ ದಾರಿಯಲ್ಲಿ ಬಂದದ್ದು ಕಾಣಿಸಿತು. ಅಝೂರ್ ಎಸ್‌ಕ್ಯೂಎಲ್‌ನಲ್ಲಿ ಸರ್ವರಿನ ಮಟ್ಟದಲ್ಲಿ ಟ್ಯೂನಿಂಗ್ ನಿಯಮ ಇಟ್ಟರೆ, ಅದರ ಕೆಳಗಿನ ಡೇಟಾಬೇಸ್‌ಗಳು ಅದನ್ನೇ ಪಡೆದುಕೊಳ್ತವೆ. ಬೇಕಾದ್ರೆ ಒಂದೊಂದು ಡೇಟಾಬೇಸಿಗೂ ಬೇರೆ ಇಡಬಹುದು. ಅಲ್ಲಿರುವ ಆಯ್ಕೆ ಮೂರು: ಕೊನೆಯ ಒಳ್ಳೇ ಪ್ಲಾನಿಗೆ ಹಿಂದಿರುಗುವುದು, ಇಂಡೆಕ್ಸ್ ಮಾಡುವುದು, ಇಂಡೆಕ್ಸ್ ತೆಗೆಯುವುದು. 2020ರ ಮಾರ್ಚಿನಿಂದ ಅವರ ಡೀಫಾಲ್ಟ್‌ನಲ್ಲಿ ಮೊದಲನೆಯದು ಮಾತ್ರ ಚಾಲೂ, ಉಳಿದೆರಡೂ ಬಂದ್. ಪ್ಲಾನ್ ಅಂದ್ರೆ ಹೋಗುವ ದಾರಿ ಅಷ್ಟೇ, ತಪ್ಪಿದರೆ ಇನ್ನೊಂದು ದಾರಿ ಹಿಡಿಯಬಹುದು. ಇಂಡೆಕ್ಸ್ ಮಾಡಬೇಕೋ ತೆಗೆಯಬೇಕೋ ಅಂತ ನೀವೇ ಬಾಯಿಬಿಟ್ಟು ಹೇಳಬೇಕು.

ಇಲ್ಲಿ ಯಾರಾದ್ರೂ ಕೇಳಬಹುದು, "ಯಂತ್ರ ಮಾಡಿದ ಬದಲಾವಣೆಯನ್ನು ಯಂತ್ರವೇ ಪರೀಕ್ಷೆ ಮಾಡ್ತದಲ್ಲ, ಕೆಟ್ಟರೆ ವಾಪಸು ತೆಗೀತದಲ್ಲ" ಅಂತ. ಹೌದು, ಮಾಡ್ತದೆ. ನಮ್ಮದರಲ್ಲೂ ಇತ್ತು. ಇಂಡೆಕ್ಸ್ ತೆಗೆದ ಮೇಲೆ ಒಂದು ವಾರ ಎಲ್ಲ ಕ್ವೆರಿಗಳ ವೇಗ ಅಳೆದು, ಯಾವುದೂ ನಿಧಾನ ಆಗಿಲ್ಲ ಅಂತ ಹಸಿರು ಗುರುತು ಹಾಕಿತ್ತು. ಅಕ್ಟೋಬರಿನಲ್ಲಿ ಮಾರ್ಚಿನ ಕ್ವೆರಿ ಓಡುವುದೇ ಇಲ್ಲ, ಮತ್ತೆ ನಿಧಾನ ಆಗುವುದು ಹೇಗೆ? ತೊಂದರೆ ಅನುಭವಿಸುವವನು ಊರಲ್ಲೇ ಇಲ್ಲದಿರುವಾಗ ಮನೆ ಮನೆಗೆ ಹೋಗಿ "ನಿಮಗೇನಾದ್ರೂ ತೊಂದರೆ ಆಯ್ತಾ" ಅಂತ ಕೇಳಿ ಬಂದ ಹಾಗೆ.

ಇನ್ನೊಂದು ಸೂಕ್ಷ್ಮ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಯಾವ ಇಂಡೆಕ್ಸ್ ಎಷ್ಟು ಸಲ ಬಳಕೆ ಆಯ್ತು ಅನ್ನೋ ಲೆಕ್ಕ ಸರ್ವರ್ ರೀಸ್ಟಾರ್ಟ್ ಆದ ಕೂಡಲೇ ಸೊನ್ನೆಗೆ ಬರ್ತದೆ. ಆ ಲೆಕ್ಕವನ್ನು ಬೇರೆ ಕಡೆ ಜಮಾ ಮಾಡಿಡದೆ "ಬಳಕೆಯಲ್ಲಿಲ್ಲ" ಅಂತ ತೀರ್ಮಾನ ಮಾಡುವವರು, ನಿನ್ನೆ ಹುಟ್ಟಿದ ಪುಸ್ತಕ ನೋಡಿ ಊರಿನ ಇತಿಹಾಸ ಹೇಳಿದ ಹಾಗೆ ಆಗ್ತದೆ.

ಇನ್ನು ಒರಾಕಲ್. ಅದು ತಾನೇ ಹುಟ್ಟಿಸಿದ ಇಂಡೆಕ್ಸ್ ಬಳಕೆ ಆಗದಿದ್ರೆ ತಾನೇ ತೆಗೀತದೆ. ಎಷ್ಟು ದಿನ ಕಾದು ಗೊತ್ತಾ? ಡೀಫಾಲ್ಟ್ 373 ದಿನ. ಈ ಸಂಖ್ಯೆ ನೋಡಿದ ದಿನ ನನಗೆ ನಿಜವಾಗಿ ನಾಚಿಕೆ ಆಯ್ತು. 365 ಕೂಡ ಅಲ್ಲ, 373. ವರ್ಷಕ್ಕೊಮ್ಮೆ ಬರುವ ಲೆಕ್ಕ ಒಂದು ವಾರ ತಡವಾದ್ರೂ ಇಂಡೆಕ್ಸ್ ಅಲ್ಲೇ ಇರ್ತದೆ. ಮನುಷ್ಯರು ಮಾಡಿಟ್ಟ ಇಂಡೆಕ್ಸನ್ನಂತೂ ನೀವು ಹೇಳದೆ ಅದು ಮುಟ್ಟುವುದೇ ಇಲ್ಲ. ನಮ್ಮ ಸೊಸೈಟಿಯ ಇಂಡೆಕ್ಸ್ ಮನುಷ್ಯರು ಮಾಡಿಟ್ಟದ್ದೇ ಆಗಿತ್ತು. ಸೆಕ್ರೆಟರಿಯ ಹತ್ತಿರ ಕೂತು, ಅವರ ವರ್ಷದ ಕೊನೆಯ ಕೆಲಸ ನೋಡಿ, ನಮ್ಮದೇ ಹಳೇ ಹುಡುಗ ಒಬ್ಬ ಮಾಡಿದ್ದು.

ಇಲ್ಲಿವರೆಗೆ ಹೇಳಿದ್ದು ಇಳಿದು ಬರಬಾರದ್ದು ಇಳಿದು ಬಂದ ಕತೆ. ಇದಕ್ಕೆ ಉಲ್ಟಾ ಕತೆಯೂ ಉಂಟು: ಇಳಿದು ಬಂದಿರ್ತದೆ ಅಂತ ನಾವು ನಂಬಿಕೊಂಡದ್ದು ಬಂದೇ ಇರುವುದಿಲ್ಲ. ಇದಕ್ಕೆ ಪೋಸ್ಟ್‌ಗ್ರೆಸ್ ಒಳ್ಳೇ ಉದಾಹರಣೆ. ಅಲ್ಲಿ "ರಿಪೋರ್ಟಿನವರು" ಅಂತ ಒಂದು ರೋಲ್ ಮಾಡಿ, ಅದಕ್ಕೆ ಹೆಚ್ಚು ಮೆಮೊರಿ ಬಳಸುವ ಸೆಟ್ಟಿಂಗ್ ಕೊಟ್ಟು, ಹತ್ತು ಜನರನ್ನು ಅದರ ಸದಸ್ಯರನ್ನಾಗಿ ಮಾಡಿ. ಆ ಹತ್ತು ಜನರಿಗೂ ಟೇಬಲ್ ನೋಡುವ ಹಕ್ಕು ಬರ್ತದೆ. ಸೆಟ್ಟಿಂಗ್ ಬರುವುದಿಲ್ಲ! ಸೆಟ್ಟಿಂಗ್ ನೋಡುವುದು ಲಾಗಿನ್ ಆದ ರೋಲಿನ ಹೆಸರಲ್ಲಿ ಮಾತ್ರ. ಆಸ್ತಿ ಬಂತು, ಅಭ್ಯಾಸ ಬರಲಿಲ್ಲ. ನಮ್ಮೂರಲ್ಲಿ ಇಂಥ ಕುಟುಂಬಗಳು ಎಷ್ಟು ಬೇಕು :)

ಪಾರ್ಟಿಷನ್ ಟೇಬಲ್‌ಗಳದ್ದೂ ಇದೇ ಹಾಡು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ತಿದ್ದಿದರೆ ಹಳೇ ಸಾಲು ಸತ್ತ ಸಾಲಾಗಿ ಅಲ್ಲೇ ಉಳೀತದೆ. ಅದನ್ನು ಗುಡಿಸಲು ಆಟೋವ್ಯಾಕ್ಯೂಮ್ ಅಂತ ಒಬ್ಬ ಕೆಲಸದವನಿದ್ದಾನೆ, 2005ರ 8.1ನೇ ಆವೃತ್ತಿಯಿಂದ ಡೇಟಾಬೇಸಿನ ಒಳಗೇ ಇದ್ದಾನೆ. ಅವನು ಯಾವಾಗ ಪೊರಕೆ ಎತ್ತಬೇಕು? ಡೀಫಾಲ್ಟ್ ನಿಯಮ: 50 ಸಾಲು, ಜೊತೆಗೆ ಟೇಬಲಿನ ಶೇಕಡಾ 20ರಷ್ಟು ಸತ್ತ ಸಾಲು ಸೇರಿದಾಗ. ಸಾವಿರ ಸಾಲಿನ ಟೇಬಲಿಗೆ ಇದು ಸರಿಯೇ, 250 ಆಗುವಾಗ ಗುಡಿಸ್ತಾನೆ. ಹತ್ತು ಕೋಟಿ ಸಾಲಿನ ಟೇಬಲಿಗೆ? ಎರಡು ಕೋಟಿ ಸತ್ತ ಸಾಲು ಬೀಳುವ ತನಕ ಪೊರಕೆ ಮೂಲೆಯಲ್ಲೇ. ಹಾಗಾಗಿ ದೊಡ್ಡ ಟೇಬಲಿಗೆ ನಾವು 20ರ ಬದಲು 1 ಅಂತ ಇಡ್ತೇವೆ. ಆದ್ರೆ ಟೇಬಲನ್ನು ವರ್ಷಕ್ಕೊಂದು ಪಾರ್ಟಿಷನ್ ಅಂತ ಒಡೆದಿದ್ದರೆ, ಈ ಸೆಟ್ಟಿಂಗನ್ನು ತಾಯಿ ಟೇಬಲಿನಲ್ಲಿ ಇಡಲಿಕ್ಕೇ ಬಿಡುವುದಿಲ್ಲ. ಪ್ರತಿ ಮರಿಗೂ ಬೇರೆ ಬೇರೆ ಇಡಬೇಕು. ಹೊಸ ವರ್ಷಕ್ಕೆ ಹುಟ್ಟಿದ ಮರಿ ಪುನಃ ಆ 20ನ್ನೇ ಹೊತ್ತುಕೊಂಡು ಬರ್ತದೆ. ನಮ್ಮ ಇನ್ನೊಂದು ಪ್ರಾಡಕ್ಟಿನಲ್ಲಿ ಪ್ರತಿವರ್ಷ ಏಪ್ರಿಲ್‌ನಿಂದ ನಿಧಾನ ಆಗ್ತಾ ಬರುವುದಕ್ಕೆ ಇದೇ ಕಾರಣ ಅಂತ ಗೊತ್ತಾಗಲು ನಮಗೆ ಎರಡು ವರ್ಷ ಬೇಕಾಯ್ತು.

ಹಾಗಾದ್ರೆ ನಾವು ಬರೆದ ನಿಯಮಗಳದ್ದು ಮಾತ್ರ ಈ ಗೋಳಾ? ಅಲ್ಲ. ಡೇಟಾಬೇಸಿನ ಹೊಟ್ಟೆಯೊಳಗೇ ಹೀಗೆ ಇಳಿದು ಬಂದ ಸಂಖ್ಯೆಗಳಿವೆ. 1979ರಲ್ಲಿ ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಸಿಸ್ಟಮ್ ಆರ್‌ನ ಆಪ್ಟಿಮೈಸರ್ ಬಗ್ಗೆ ಒಂದು ಪ್ರಬಂಧ ಬರೆದರು. "ಇಂಥದ್ದಕ್ಕಿಂತ ಹೆಚ್ಚು" ಅಂತ ಹುಡುಕುವಾಗ ಎಷ್ಟು ಸಾಲು ಸಿಗಬಹುದು ಅಂತ ಅಂದಾಜು ಮಾಡಲು ಏನೂ ಆಧಾರ ಇಲ್ಲದಿದ್ರೆ, ಮೂರರಲ್ಲಿ ಒಂದು ಪಾಲು ಅಂತ ಹಿಡಿ ಅಂದರು. ಇವತ್ತು ಪೋಸ್ಟ್‌ಗ್ರೆಸ್‌ನ ಸೋರ್ಸ್ ಕೋಡ್ ತೆಗೆದು ನೋಡಿ, ಅದೇ 0.3333 ಕೂತಿದೆ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನ ಅಂದಾಜು! ಹಾಗೇ ಡಿಸ್ಕಿನಲ್ಲಿ ಅಲ್ಲೊಂದು ಇಲ್ಲೊಂದು ಪುಟ ಓದುವುದು, ಸಾಲಾಗಿ ಓದುವುದಕ್ಕಿಂತ ನಾಲ್ಕು ಪಟ್ಟು ದುಬಾರಿ ಅನ್ನುವ ಡೀಫಾಲ್ಟ್. ತಿರುಗುವ ಡಿಸ್ಕಿನ ಕಾಲದ್ದು, ಎಸ್‌ಎಸ್‌ಡಿ ಬಂದ ಮೇಲೂ ಹಾಗೇ ಇದೆ. ಸೆಲಿಂಜರ್ ಅವರು ಸಂಖ್ಯೆಯ ಜೊತೆ ಕಾರಣವನ್ನೂ ಬರೆದಿಟ್ಟಿದ್ದರು, ಅದಕ್ಕೇ ಅದನ್ನು ಇವತ್ತಿಗೂ ಕೂತು ಪ್ರಶ್ನೆ ಮಾಡಬಹುದು. ನಮ್ಮ 90ಕ್ಕೆ ಪ್ರಶ್ನೆ ಕೇಳಲೂ ಯಾರೂ ಇರಲಿಲ್ಲ.

ಇಂಥ ಅಂದಾಜುಗಳ ಮೇಲೆ ನಮ್ಮ ಬೆಂಗಳೂರಿನಲ್ಲೇ ದೊಡ್ಡ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ್ ಹರಿತ್ಸ ಅವರ ಡೇಟಾಬೇಸ್ ಲ್ಯಾಬಿನವರು "ಪಿಕಾಸೋ" ಅಂತ ಒಂದು ಸಾಫ್ಟ್‌ವೇರ್ ಮಾಡಿದರು. ಡೇಟಾ ಸ್ವಲ್ಪ ಸ್ವಲ್ಪ ಬದಲಾದಾಗ ಆಪ್ಟಿಮೈಸರ್ ಯಾವ ಯಾವ ಪ್ಲಾನ್ ಆರಿಸ್ತದೆ ಅಂತ ಅದು ಬಣ್ಣ ಬಣ್ಣದ ಚಿತ್ರದಲ್ಲಿ ತೋರಿಸ್ತದೆ. 2005ರಲ್ಲಿ ಈ ಚಿತ್ರಗಳ ಮೊದಲ ಪ್ರಬಂಧ ಬಂತು. ಹೆಸರಾಂತ ಡೇಟಾಬೇಸ್‌ಗಳ ಚಿತ್ರ ನೋಡಿದರೆ ನಿಜಕ್ಕೂ ಪಿಕಾಸೋನ ಕ್ಯಾನ್ವಾಸೇ, ಹತ್ತಾರು ಬಣ್ಣಗಳ ಚೂರುಚೂರು. ಅವರೇ ಆಮೇಲೆ ತೋರಿಸಿದ್ದು ಏನೆಂದರೆ, ಖರ್ಚು ಶೇಕಡಾ 20ರಷ್ಟು ಹೆಚ್ಚಾದ್ರೂ ಪರವಾಗಿಲ್ಲ ಅಂತ ಒಪ್ಪಿಕೊಂಡರೆ, ಅಷ್ಟೂ ಬಣ್ಣಗಳ ಬದಲು ಸುಮಾರು ಹತ್ತು ಪ್ಲಾನ್ ಸಾಕು.

ಇದನ್ನು ಓದಿ ನನಗೆ ನಮ್ಮ ಇಂಡೆಕ್ಸೇ ನೆನಪಾಯ್ತು. ಅದನ್ನು ತೆಗೆದು ಉಳಿಸಿದ ಜಾಗ ಒಂದು ಸಿನಿಮಾ ಫೈಲಿನಷ್ಟು. ಅಷ್ಟು ಸಣ್ಣ ಖರ್ಚನ್ನು ಸುಮ್ಮನೆ ಸಹಿಸಿಕೊಂಡಿದ್ದರೆ ಆಗ್ತಿತ್ತು. ಕೊನೇ ಚೂರು ಉಳಿತಾಯದವರೆಗೂ ಹಿಂಡುವುದೇ ಟ್ಯೂನಿಂಗ್ ಅಂತ ನಾವು ಅಂದುಕೊಂಡಿದ್ದೆವು.

ಆಫೀಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಗೆಳೆಯ ಸರಿಯಾಗೇ ಹಿಡ್ಕೊಂಡ. "ಮುನ್ನೂರು ಡೇಟಾಬೇಸಿಗೂ ಒಂದೊಂದಾಗಿ ಅನುಮತಿ ಬರೆಯೋದಾದ್ರೆ ಆಟೋಮ್ಯಾಟಿಕ್ ಅನ್ನೋ ಹೆಸರು ಯಾಕೆ ಗುರೂ? ಯಾರೂ ಬರೆಯಲ್ಲ, ಕೊಳೆ ಇಂಡೆಕ್ಸ್ ಹಾಗೇ ಕೂತಿರುತ್ತೆ." ಅವನ ಮಾತು ಸುಳ್ಳಲ್ಲ. ಬೇಡದ ಇಂಡೆಕ್ಸ್ ಹೊತ್ತು ನಿಧಾನ ಆದ ಡೇಟಾಬೇಸನ್ನೂ ನಾನು ನೋಡಿದ್ದೇನೆ. ಆದ್ರೆ ಅವನು ಎರಡೇ ದಾರಿ ನೋಡ್ತಿದ್ದ, ಇಟ್ಟುಕೊಳ್ಳುವುದು ಅಥವಾ ಬಿಸಾಡುವುದು. ಮೂರನೆಯದೂ ಉಂಟು. 2007ರ ಒರಾಕಲ್ 11ಜಿಯಲ್ಲಿ, 2018ರ ಮೈಎಸ್‌ಕ್ಯೂಎಲ್ 8ರಲ್ಲಿ "ಇನ್‌ವಿಸಿಬಲ್ ಇಂಡೆಕ್ಸ್" ಬಂತು. ಇಂಡೆಕ್ಸ್ ಅಲ್ಲೇ ಇರ್ತದೆ, ಹೊಸ ಸಾಲು ಬಂದಾಗ ತಿದ್ದುಪಡಿಯೂ ಆಗ್ತದೆ, ಆದ್ರೆ ಆಪ್ಟಿಮೈಸರಿನ ಕಣ್ಣಿಗೆ ಕಾಣುವುದಿಲ್ಲ. ಯಾರಾದ್ರೂ ಬೊಬ್ಬೆ ಹೊಡೆದರೆ ಒಂದು ಸಾಲಿನ ಕಮಾಂಡಿನಲ್ಲಿ ವಾಪಸು ತರಬಹುದು. ಅಂದ್ರೆ ಮೇಲಿನ ಮೆಟ್ಟಿಲಿನ ನಿಯಮ ಹೀಗಿರಬಹುದು: 90 ದಿನ ಬಳಸದಿದ್ರೆ ಮರೆಯಾಗಿಸು, ಪೂರ್ತಿ ಒಂದು ಲೆಕ್ಕದ ವರ್ಷ ಮರೆಯಲ್ಲಿದ್ದೂ ಯಾರೂ ಕೇಳದಿದ್ರೆ ಮನುಷ್ಯನಿಗೆ ಪಟ್ಟಿ ಕೊಡು. ಮರೆಯಾಗಿಸುವುದು ಆಡಳಿತ, ಅದು ಇಳಿದು ಬರಲಿ.

ಈ ಸೌಲಭ್ಯ ಇಲ್ಲದ ಡೇಟಾಬೇಸಿನಲ್ಲಿ, ಇಂಡೆಕ್ಸ್ ತೆಗೆಯುವ ಮೊದಲು ಅದನ್ನು ಪುನಃ ಕಟ್ಟುವ ಕಮಾಂಡನ್ನು ಜೋಪಾನ ಮಾಡಿಡಬೇಕು. ನಮ್ಮಲ್ಲಿ ಅದೂ ಇರಲಿಲ್ಲ. ಅವತ್ತು ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಹೋದದ್ದು ಹಳೇ ಬ್ಯಾಕಪ್ಪಿನಲ್ಲಿ ಆ ಇಂಡೆಕ್ಸ್ ಯಾವ ಕಾಲಮುಗಳ ಮೇಲಿತ್ತು ಅಂತ ಹುಡುಕಲಿಕ್ಕೆ.

ಈಗ ನಮ್ಮಲ್ಲಿ ಮೂರು ಬದಲಾವಣೆ ಆಗಿದೆ. ಒಂದು, ಪ್ರತಿ ನಿಯಮದ ಪಕ್ಕದಲ್ಲಿ ಯಾಕೆ, ಯಾರು, ಯಾವಾಗ ಅಂತ ಬರೆಯದೆ ಸೇವ್ ಬಟನ್ ಕೆಲಸ ಮಾಡುವುದಿಲ್ಲ. ಎರಡು, ತೆಗೆಯುವ ನಿಯಮ ಯಾವ ಮೆಟ್ಟಿಲಿನಿಂದಲೂ ಕೆಳಗೆ ಇಳಿಯುವುದಿಲ್ಲ. "ಇದನ್ನು ಮುಟ್ಟಬೇಡ" ಅನ್ನೋದು ಮಾತ್ರ ಇಳೀತದೆ, ಅದನ್ನು ಕೆಳಗಿನವರು ಸಡಿಲ ಮಾಡುವ ಹಾಗಿಲ್ಲ. ಮೂರು, ಡೇಟಾಬೇಸ್‌ಗಳ ಗುಂಪನ್ನು ಬಿಲ್ಲು ಯಾರ ಹೆಸರಿಗೆ ಹೋಗ್ತದೆ ಅಂತ ನೋಡಿ ಮಾಡುವುದು ಬಿಟ್ಟು, ಅವುಗಳ ವರ್ಷ ಹೇಗೆ ನಡೀತದೆ ಅಂತ ನೋಡಿ ಮಾಡಿದ್ದೇವೆ. ಸೊಸೈಟಿಗಳೆಲ್ಲ ಈಗ ಒಂದು ಗುಂಪು, ಅವುಗಳ ವರ್ಷ ಮಾರ್ಚಿಗೆ ಮುಗೀತದೆ. ಶಾಲೆಗಳದ್ದು ಬೇರೆ ಗುಂಪು.

ಕೊನೆಗೆ ಆ ಅಜ್ಜನ ವಿಷಯ. ಮರುದಿನ ಸೆಕ್ರೆಟರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ, ಅಜ್ಜ ಏನು ಮಾಡಿದರು ಅಂತ ಕೇಳಿದೆ. "ಐದು ಗಂಟೆಗೆ ನಾನೇ ಹಳೇ ರಶೀದಿ ಪುಸ್ತಕ ತೆಗ್ದೆ ಸಾರ್. ಹೋದ ವರ್ಷದ ಚೀಟಿ ನೋಡಿ ಅಂದಾಜು ಬಡ್ಡಿ ಹಾಕಿ, ಕೈಬರಹದಲ್ಲಿ ರಶೀದಿ ಕೊಟ್ಟು ದುಡ್ಡು ಇಸ್ಕೊಂಡು ಬಸ್ಸು ಹತ್ಸಿದೆ. ರಾತ್ರಿ ನಿಮ್ ಲೆಕ್ಕ ಬಂದ್ಮೇಲೆ ತಾಳೆ ನೋಡಿದ್ರೆ ನಲವತ್ತು ರೂಪಾಯಿ ವ್ಯತ್ಯಾಸ. ನಾನೇ ಹಾಕ್ದೆ" ಅಂದರು. ಹಾಗೆ ಕೈಬರಹದ ರಶೀದಿ ಕೊಡಬಾರದು ಅಂತ ನಮ್ಮ ಸಾಫ್ಟ್‌ವೇರ್ ಕೊಟ್ಟ ದಿನವೇ ಅವರಿಗೆ ಹೇಳಿದ್ದವನೂ ನಾನೇ!

ಆ ನಲವತ್ತು ರೂಪಾಯಿ ನಾನು ಕಳಿಸ್ತೇನೆ ಅಂದೆ. ಬೇಡ ಸಾರ್, ಈ ಕಡೆ ಬಂದಾಗ ಕಾಫಿ ಕುಡಿಸಿ ಅಂದರು. ಇನ್ನೂ ಹೋಗಿಲ್ಲ.

ನಿಮ್ಮಲ್ಲಿ ಯಾರಾದ್ರೂ ಇಂಥ ಟ್ಯೂನಿಂಗ್ ನಿಯಮಗಳ ಜೊತೆ ಕೆಲಸ ಮಾಡ್ತಿದ್ರೆ, ಇವತ್ತು ಒಂದು ಕೆಲಸ ಮಾಡಿ. ಮೇಲಿನ ಮೆಟ್ಟಿಲಿನ ನಿಯಮಗಳ ಪಟ್ಟಿ ತೆಗೆದು, ಯಾವುದರ ಕಾರಣ ನಿಮಗೆ ಗೊತ್ತಿಲ್ಲ ಅಂತ ಗುರುತು ಹಾಕಿ ನೋಡಿ. ನಾನು ನೋಡಿದಾಗ 31 ನಿಯಮಗಳಲ್ಲಿ 19 ಸಿಕ್ಕಿತು. ನಿಮ್ಮಲ್ಲಿ ಎಷ್ಟು ಸಿಕ್ಕಿತು ಅಂತ ಹೇಳಿ. ಮತ್ತೆ ನನ್ನ ವಾದದಲ್ಲಿ ಎಲ್ಲಾದ್ರೂ ತಪ್ಪಿದ್ರೆ ಅದನ್ನೂ ಹೇಳಿ, ಮುಂದಿನ ಮಾರ್ಚಿಗಿಂತ ಮೊದಲು :)